ಕ್ಯಾಮೆರಾದಲ್ಲಿ ಫೋಟೊ ಉಂಟು, ಕಂಪ್ಯೂಟರಿನಲ್ಲಿ ಇಲ್ಲ!

ಪತ್ತನಾಜೆ ಕಳೆದು ಮಳೆ ಹಿಡಿಯಿತು ಅಂದರೆ ಈ ಅಂಕಣಕ್ಕೆ ಒಂದೇ ತರಹದ ಪ್ರಶ್ನೆಗಳು ಬರಲು ಶುರು. ಕೋಲ, ಕಂಬಳ, ಮೇಳದ ಆಟ, ನಾಲ್ಕಾರು ಮದುವೆ ಎಲ್ಲದರ ಫೋಟೊ ಕಾರ್ಡಿನಲ್ಲೇ ಇರುತ್ತದೆ. ಹೊರಗೆ ಹೋಗಲಾಗದ ದಿನ ಕಂಪ್ಯೂಟರಿಗೆ ಹಾಕೋಣ ಅಂತ ಕೂತಾಗ ತಲೆಬಿಸಿ ಆರಂಭ. ಈ ಸಲ ನಾಲ್ಕು ಪ್ರಶ್ನೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಸುಮಾರು ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್ ಉಂಟು. ಹಳೆ ಕಂಪ್ಯೂಟರಿಗೆ ಕೇಬಲ್ ಹಾಕಿದ ಕೂಡಲೇ ಫೋಟೊ ಬರುತ್ತಿತ್ತು. ಹೊಸ ಡೆಸ್ಕ್‌ಟಾಪ್ ತಂದ ಮೇಲೆ ಒಂದೊಂದು ಸಲ 'ಟಿಂಗ್' ಅನ್ನುತ್ತದೆ, ಮತ್ತೆ ಏನೂ ಇಲ್ಲ. ಪೆನ್‌ಡ್ರೈವ್ ಹಾಕಿದರೆ ಬರುವ ಹಾಗೆ ಇ, ಎಫ್ ಅಂತ ಡ್ರೈವ್ ಕೂಡ ಕಾಣುವುದಿಲ್ಲ. ಕ್ಯಾಮೆರಾ ಲಗಾಡಿ ಹೋಯಿತಾ ಸರ್?
(ಕಾರ್ಕಳದ ಓದುಗರು)

ಉತ್ತರ: ಕ್ಯಾಮೆರಾ ಸರಿ ಇರಬಹುದು. ಆ 'ಟಿಂಗ್' ನಿಮಗೆ ಒಳ್ಳೆಯ ಸುಳಿವು. ಈಗ ಮನೆಯಲ್ಲಿ ಸಿಗುವ ಕೇಬಲ್‌ಗಳಲ್ಲಿ ಕೆಲವು ಬರೀ ಚಾರ್ಜಿಂಗಿಗೆ ಇರುವಂಥವು. ಅವುಗಳ ಒಳಗೆ ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಅಂಥ ಕೇಬಲ್ ಹಾಕಿದರೆ ಕಂಪ್ಯೂಟರ್ 'ಟಿಂಗ್' ಅನ್ನುವುದೂ ಇಲ್ಲ. ನಿಮ್ಮದು ಅಂದಿದೆ, ಅಂದರೆ ಮಾತು ಶುರುವಾಗಿದೆ, ನಡುವೆ ತುಂಡಾಗಿದೆ.

ಮೊದಲು ಕೇಬಲನ್ನು ಸಿಪಿಯು ಡಬ್ಬದ ಮುಂದಿನ ತೂತಿನಿಂದ ತೆಗೆದು ಹಿಂದಿನದಕ್ಕೆ ಹಾಕಿ. ಹಿಂದಿನ ಪೋರ್ಟ್ ನೇರ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮುಂದಿನದು ಒಳಗಿನ ತೆಳು ವಯರಿನ ಮೂಲಕ ಬರುತ್ತದೆ, ಅದು ಸಡಿಲ ಇದ್ದರೆ ಹೀಗೇ ಬಂದು ಹೋಗುವುದು. ಯುಎಸ್‌ಬಿ ಹಬ್ ಇದ್ದರೆ ಅದನ್ನೂ ಬಿಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾ ತಾನಾಗಿ ನಿದ್ದೆ ಹೋಗುವ ಸಮಯವನ್ನು ಮೆನುವಿನಲ್ಲಿ ಜಾಸ್ತಿ ಮಾಡಿ. ಇನ್ನೊಂದು ಉಂಟು, ಇದು ಸುಲಭಕ್ಕೆ ಯಾರಿಗೂ ಹೊಳೆಯುವುದಿಲ್ಲ: ಕೆಲವು ಕ್ಯಾನನ್ ಮಾದರಿಗಳಲ್ಲಿ ವೈಫೈ ಆನ್ ಇದ್ದರೆ ಕೇಬಲ್ ಕೆಲಸವೇ ಮಾಡುವುದಿಲ್ಲ. ವೈಫೈ ಆಫ್ ಮಾಡಿ ನೋಡಿ.

ಡ್ರೈವ್ ಕಾಣುವುದಿಲ್ಲ ಅಂದಿರಲ್ಲ, ಅದು ದೋಷ ಅಲ್ಲ. ಹೆಚ್ಚಿನ ಕ್ಯಾಮೆರಾಗಳು ಪೆನ್‌ಡ್ರೈವ್ ಹಾಗೆ ಕಂಪ್ಯೂಟರಿಗೆ ಸೇರುವುದಿಲ್ಲ. ಪಿಟಿಪಿ ಅಥವಾ ಎಂಟಿಪಿ ಅನ್ನುವ ಬೇರೆ ವಿಧಾನದಲ್ಲಿ ಸೇರುತ್ತವೆ. ಆಗ 'ದಿಸ್ ಪಿಸಿ'ಯಲ್ಲಿ ಇ, ಎಫ್ ಅಂತ ಬರುವುದಿಲ್ಲ, ಕ್ಯಾಮೆರಾದ ಮಾದರಿಯ ಹೆಸರೇ ಬರುತ್ತದೆ. ನೀವು ಅಕ್ಷರ ಹುಡುಕುತ್ತಾ ಹೆಸರನ್ನು ದಾಟಿ ಹೋಗಿರಬಹುದು. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ 'ಮಾಸ್ ಸ್ಟೋರೇಜ್' ಅನ್ನುವ ಆಯ್ಕೆಯೂ ಇರುತ್ತದೆ, ಅದನ್ನು ಹಾಕಿದರೆ ಡ್ರೈವ್ ಆಗಿಯೇ ಕಾಣುತ್ತದೆ. ಇಷ್ಟಾದರೂ ಬಾರದಿದ್ದರೆ ಕ್ಯಾಮೆರಾ ಜೋಡಿಸಿಯೇ ವಿಂಡೋಸಿನ ಡಿವೈಸ್ ಮ್ಯಾನೇಜರ್ (ಜೋಡಿಸಿದ ಸಾಧನಗಳ ಪಟ್ಟಿ) ತೆರೆಯಿರಿ. 'ಪೋರ್ಟಬಲ್ ಡಿವೈಸಸ್' ಅಡಿಯಲ್ಲಿ ಹಳದಿ ಗುರುತು ಇದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಮತ್ತೆ ಜೋಡಿಸಿ.

ನಾನಾದರೆ ಇಷ್ಟು ಕಸರತ್ತು ಮಾಡುವುದಿಲ್ಲ. ಒಂದು ಕಾರ್ಡ್ ರೀಡರ್ ತಂದು ಕೇಬಲನ್ನು ಡ್ರಾಯರಿಗೆ ಹಾಕುತ್ತೇನೆ. ಕಾರ್ಡನ್ನು ರೀಡರಿಗೆ ಹಾಕಿದರೆ ಡ್ರೈವ್ ಬರುತ್ತದೆ. ತೆರೆದರೆ 'ಡಿಸಿಐಎಂ' ಅನ್ನುವ ಫೋಲ್ಡರ್, ಅದರೊಳಗೆ 100, 101 ಅಂತ ಶುರುವಾಗುವ ಫೋಲ್ಡರ್‌ಗಳು. ಯಾವ ಕಂಪನಿಯ ಕ್ಯಾಮೆರಾ ಆದರೂ ಹೆಚ್ಚುಕಡಿಮೆ ಇದೇ ರೀತಿ. ಫೋಟೊ ಒಂದೊಂದೇ ಆರಿಸುತ್ತಾ ಕೂರಬೇಡಿ. ಇಡೀ ಡಿಸಿಐಎಂ ಫೋಲ್ಡರನ್ನೇ ಕಾಪಿ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಪೇಸ್ಟ್ ಮಾಡಿ.

ಕಾರ್ಡ್ ಒಮ್ಮೆ ಕಂಡು ಒಮ್ಮೆ ಕಾಣದಿದ್ದರೆ ಅದರ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪೂ ಉಂಟು, ತೇವವೂ ಉಂಟು. ಪಟ್ಟಿ ಮಂಕಾಗಿರುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಒಂದು ಹನಿ ಹಾಕಿ ಒರೆಸಿ, ಒಣಗಲು ಬಿಡಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಬೇರೆ ಸೇರಿಕೊಳ್ಳುತ್ತದೆ.

ಪ್ರಶ್ನೆ: ಅಕ್ಕನ ಮಗಳ ಮದುವೆಯಲ್ಲಿ ನಾನೇ 640 ಫೋಟೊ ತೆಗೆದೆ. ಫೋಟೊಸ್ ಆ್ಯಪಿನಲ್ಲಿ ಇಂಪೋರ್ಟ್ ಕೊಟ್ಟೆ. 'ಮುಗಿಯಿತು' ಅಂತ ಬಂತು. ಆದರೆ ಆ ತಿಂಗಳ ಫೋಲ್ಡರಿನಲ್ಲಿ 210 ಮಾತ್ರ ಉಂಟು. ಧಾರೆಯ ಫೋಟೊ ಒಂದೂ ಇಲ್ಲ! ಮತ್ತೆ ಇಂಪೋರ್ಟ್ ಕೊಟ್ಟರೆ 'ಹೊಸದು ಏನೂ ಇಲ್ಲ' ಅನ್ನುತ್ತದೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಬೊಬ್ಬೆ ಹಾಕುತ್ತಾಳೆ.
(ಉಡುಪಿಯ ಓದುಗರು)

ಉತ್ತರ: ಹೇಳಬೇಡಿ, ಹೇಳುವ ಅಗತ್ಯ ಬೀಳಲಿಕ್ಕಿಲ್ಲ. 'ಹೊಸದು ಏನೂ ಇಲ್ಲ' ಅನ್ನುತ್ತಿದೆ ಅಲ್ವಾ? ಹಾಗಾದರೆ ಆ 430 ಫೋಟೊ ನಿಮ್ಮ ಕಂಪ್ಯೂಟರಿಗೆ ಆಗಲೇ ಬಂದು ಕೂತಿರುವ ಸಾಧ್ಯತೆಯೇ ಜಾಸ್ತಿ. ನೀವು ನೋಡುತ್ತಿರುವ ಜಾಗದಲ್ಲಿ ಇಲ್ಲ, ಅಷ್ಟೆ.

ಒಂದು ಮಾತು ನೆನಪು ಮಾಡಿಕೊಳ್ಳಿ. ಮದುವೆಯ ದಿನ ನಡುವೆ ಬ್ಯಾಟರಿ ಬದಲಿಸಿದ್ದಿರಾ? ಅದಕ್ಕೆ ಮೊದಲು ಕ್ಯಾಮೆರಾ ಹಲವು ತಿಂಗಳು ಕಪಾಟಿನಲ್ಲೇ ಇತ್ತಾ? ನನ್ನ ಊಹೆ ಹೀಗೆ. ಕ್ಯಾಮೆರಾದೊಳಗೆ ಗಡಿಯಾರಕ್ಕೇ ಅಂತ ಒಂದು ಚಿಕ್ಕ ಬ್ಯಾಟರಿ ಇರುತ್ತದೆ. ಅನೇಕ ಮಾದರಿಗಳಲ್ಲಿ ಅದು ಚಾರ್ಜ್ ಆಗುವುದು ದೊಡ್ಡ ಬ್ಯಾಟರಿಯಿಂದ. ಕ್ಯಾಮೆರಾ ತುಂಬಾ ದಿನ ಸುಮ್ನೆ ಬಿದ್ದಿದ್ದರೆ ಚಿಕ್ಕದು ಖಾಲಿ. ನೀವು ಬೆಳಿಗ್ಗೆ ತಾರೀಕು ಸರಿಮಾಡಿ ಫೋಟೊ ತೆಗೆದಿರಿ. ಧಾರೆಯ ಹೊತ್ತಿಗೆ ದೊಡ್ಡ ಬ್ಯಾಟರಿ ಮುಗಿಯಿತು, ತೆಗೆದು ಇನ್ನೊಂದು ಹಾಕಿದಿರಿ. ಆ ಕೆಲವು ಸೆಕೆಂಡಿನಲ್ಲಿ ಗಡಿಯಾರ ನಿಂತು, ತಾರೀಕು ಕ್ಯಾಮೆರಾ ತಯಾರಾದ ಕಾಲದ ಯಾವುದೋ ಜನವರಿ 1ಕ್ಕೆ ಹೋಯಿತು. ನಿಕಾನ್ ಆದರೆ 'ಕ್ಲಾಕ್' ಅಂತ ಮಿನುಗಿ ಎಚ್ಚರಿಸುತ್ತದೆ. ಆದರೆ ಧಾರೆ ಎರೆಯುವಾಗ ಅದನ್ನು ಯಾರು ನೋಡುತ್ತಾರೆ?

ಫೋಟೊಸ್ ಆ್ಯಪ್ ತಿಂಗಳಿಗೊಂದು ಫೋಲ್ಡರ್ ಮಾಡುವಾಗ ನೋಡುವುದು ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ತಾರೀಕನ್ನು. ಹಾಗಾಗಿ ಮಂಟಪದ ಅಲಂಕಾರ ಈ ವರ್ಷದ ಫೋಲ್ಡರಿಗೆ, ಧಾರೆ ಮತ್ತು ಊಟ 2015ರದ್ದೋ 2016ರದ್ದೋ ಜನವರಿ ಫೋಲ್ಡರಿಗೆ. 'ಪಿಕ್ಚರ್ಸ್' ಫೋಲ್ಡರ್ ತೆರೆದು ಪಟ್ಟಿಯನ್ನು ಮೇಲಿನವರೆಗೆ ಎಳೆದು ನೋಡಿ, ನೀವು ಕ್ಯಾಮೆರಾ ಕೊಳ್ಳುವ ಮೊದಲಿನ ತಿಂಗಳೊಂದು ಕಂಡರೆ ಅದೇ. ಕಾಣದಿದ್ದರೆ ಕಾರ್ಡಿನಲ್ಲಿ ಧಾರೆಯ ಒಂದು ಫೋಟೊದ ಹೆಸರು ನೋಡಿಕೊಂಡು ಬನ್ನಿ. ಡಿಎಸ್‌ಸಿ, ಐಎಂಜಿ ಅಂತ ಶುರುವಾಗಿ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ಆ ಹೆಸರನ್ನು ಎಕ್ಸ್‌ಪ್ಲೋರರಿನ ಹುಡುಕು ಪಟ್ಟಿಯಲ್ಲಿ ಹಾಕಿ.

ಸಿಕ್ಕಿದ ಮೇಲೆ ತಾರೀಕು ಸರಿಮಾಡಬೇಕು, ಇಲ್ಲದಿದ್ದರೆ ಆಲ್ಬಂ ಮಾಡುವಾಗ ಊಟ ಮೊದಲು, ಮೆಹೆಂದಿ ಕಡೆಗೆ ಬರುತ್ತದೆ. ಡಿಜಿಕ್ಯಾಮ್ ಅನ್ನುವ ಉಚಿತ ತಂತ್ರಾಂಶದಲ್ಲಿ ಎಲ್ಲ ಫೋಟೊಗಳ ಸಮಯವನ್ನು ಒಟ್ಟಿಗೆ ಮುಂದೆ ತಳ್ಳಬಹುದು. ಎಷ್ಟು ತಳ್ಳಬೇಕು? ಆಮಂತ್ರಣದಲ್ಲಿ ಬರೆದ ಮುಹೂರ್ತವನ್ನು ಮಾತ್ರ ನಂಬಬೇಡಿ, ನಮ್ಮ ಕಡೆ ಅದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು! ಅದೇ ಕ್ಷಣವನ್ನು ಯಾರಾದರೂ ಮೊಬೈಲಿನಲ್ಲಿ ತೆಗೆದಿರುತ್ತಾರೆ. ಕೈಯ ಮೇಲೆ ನೀರು ಬೀಳುವ ಆ ಫೋಟೊವನ್ನು ಕೇಳಿ ತೆಗೆದುಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಸಮಯದ ವಿವರ ಉಳಿಯುವುದಿಲ್ಲ. ಹಾಗಾಗಿ ಮೊಬೈಲಿನಲ್ಲೇ ವಿವರ ತೆರೆದು ಸಮಯ ಓದಿ ಹೇಳಲು ಹೇಳಿ. ನಿಮ್ಮ ಫೋಟೊದ ಸಮಯಕ್ಕೂ ಅದಕ್ಕೂ ಇರುವ ವ್ಯತ್ಯಾಸ ಎಷ್ಟೋ ಅಷ್ಟು ತಳ್ಳಿದರೆ ಆಯಿತು. ತಳ್ಳುವುದು ಪ್ರತಿಗಳ ಮೇಲೆ, ಕಾರ್ಡಿನಲ್ಲಿರುವ ಮೂಲದ ಮೇಲೆ ಅಲ್ಲ.

ಕ್ಯಾಮೆರಾಗೆ ಚಾರ್ಜ್ ಇರುವ ಬ್ಯಾಟರಿ ಹಾಕಿ ಎರಡು ಮೂರು ದಿನ ಬಿಡಿ. ಚಿಕ್ಕ ಬ್ಯಾಟರಿ ಮತ್ತೆ ತುಂಬುತ್ತದೆ. ಆಮೇಲೂ ತಾರೀಕು ನಿಲ್ಲದಿದ್ದರೆ ಸರ್ವಿಸಿಗೆ ಕೊಡಬೇಕು.

ಇದಕ್ಕೆ ಅಂಟಿದ ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ಕ್ಯಾಮೆರಾದ ಫೋಟೊ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001 ಆಗುತ್ತದೆ, ಹೊಸ ಫೋಲ್ಡರಿಗೆ ಹೋಗುತ್ತದೆ. ಎರಡು ಫೋಲ್ಡರಿನ ಫೋಟೊಗಳನ್ನು ಒಂದೇ ಕಡೆ ಸುರಿದರೆ ಹೆಸರು ಢಿಕ್ಕಿ ಹೊಡೆಯುತ್ತದೆ. ವಿಂಡೋಸ್ 'ರಿಪ್ಲೇಸ್ ಮಾಡಲಾ?' ಅಂತ ಕೇಳುತ್ತದೆ. ಅವಸರದಲ್ಲಿ ಹೌದು ಒತ್ತಿದರೆ ಹಳೆಯ ಫೋಟೊದ ಮೇಲೆ ಹೊಸದು ಕೂತುಬಿಡುತ್ತದೆ. ಡಿಸಿಐಎಂ ಇಡೀ ಕಾಪಿ ಮಾಡಿ ಅಂತ ಮೇಲೆ ಹೇಳಿದ್ದು ಇದಕ್ಕೂ ಸೇರಿಸಿಯೇ.

ಪ್ರಶ್ನೆ: ಹೊಸ ಕ್ಯಾಮೆರಾ, 64 ಜಿಬಿ ಕಾರ್ಡ್. ಕ್ಯಾಮೆರಾದಲ್ಲಿ ಎಲ್ಲ ಫೋಟೊ ಚೆನ್ನಾಗಿ ಕಾಣುತ್ತದೆ. ಡೆಸ್ಕ್‌ಟಾಪಿನ ಮುಂದಿನ ಸ್ಲಾಟಿಗೆ ಹಾಕಿದರೆ 'ಫಾರ್ಮ್ಯಾಟ್ ಮಾಡಿ' ಅಂತ ಕೇಳುತ್ತದೆ. ಹಳೆಯ 8 ಜಿಬಿ ಕಾರ್ಡ್ ಅದೇ ಸ್ಲಾಟಿನಲ್ಲಿ ಓದುತ್ತದೆ. ಫಾರ್ಮ್ಯಾಟ್ ಮಾಡಿದರೆ ಫೋಟೊ ಹೋಗುತ್ತದಾ?
(ಸುರತ್ಕಲ್‌ನ ಓದುಗರು)

ಉತ್ತರ: ಹೋಗುತ್ತದೆ. 'ಕ್ಯಾನ್ಸಲ್' ಒತ್ತಿ, ಕಾರ್ಡ್ ಹೊರಗೆ ತೆಗೆಯಿರಿ, ಆಮೇಲೆ ಮುಂದೆ ಓದಿ.

ಎರಡೂ ಕಾರ್ಡ್ ನೋಡಲು ಒಂದೇ, ಒಳಗೆ ಬೇರೆ. ನಿಮ್ಮ 8 ಜಿಬಿ ಕಾರ್ಡ್ ಎಸ್‌ಡಿಎಚ್‌ಸಿ ಜಾತಿಯದು. 2006ರಲ್ಲಿ ಬಂದ ಈ ಜಾತಿ 32 ಜಿಬಿಗೆ ಮುಗಿಯುತ್ತದೆ. ಅದಕ್ಕಿಂತ ದೊಡ್ಡದಕ್ಕೆ 2009ರಲ್ಲಿ ಎಸ್‌ಡಿಎಕ್ಸ್‌ಸಿ ಬಂತು. ಕಾರ್ಡಿನ ಮೇಲೇ ಆ ಅಕ್ಷರಗಳು ಇರುತ್ತವೆ, ನೋಡಿ. ಮೊದಲನೆಯದರಲ್ಲಿ ಫೈಲ್ ಜೋಡಿಸುವ ಕ್ರಮ ಫ್ಯಾಟ್32, ಎರಡನೆಯದರಲ್ಲಿ ಎಕ್ಸ್‌ಫ್ಯಾಟ್. ಹಳೆಯ ರೀಡರಿಗೆ ದೊಡ್ಡ ಕಾರ್ಡಿನ ಭಾಷೆ ಗೊತ್ತಿಲ್ಲ. ಓದಲು ಬಾರದ್ದಕ್ಕೆ 'ಇದು ಖಾಲಿ, ಅಳಿಸಿ ಕೊಡಲಾ?' ಅಂತ ಕೇಳುತ್ತದೆ. ವಿಂಡೋಸ್ 7ಕ್ಕೂ ಅದರ ನಂತರದ್ದಕ್ಕೂ ಎಕ್ಸ್‌ಫ್ಯಾಟ್ ಗೊತ್ತು, ಹಳೆಯ ವಿಂಡೋಸ್ ಎಕ್ಸ್‌ಪಿಗೆ ಬೇರೆ ಅಪ್‌ಡೇಟ್ ಬೇಕಿತ್ತು. ಹೀಗಾಗಿ ನಿಮ್ಮಲ್ಲಿ ಬದಲಾಗಬೇಕಾದ್ದು ಬರೀ ರೀಡರ್. ಕೊಳ್ಳುವಾಗ ಎಸ್‌ಡಿಎಕ್ಸ್‌ಸಿ ಓದುತ್ತದೆ ಅಂತ ಬರೆದದ್ದೇ ಕೇಳಿ. ಯುಎಸ್‌ಬಿ 3 ಆದರೆ ಒಳ್ಳೆಯದು. ಹಳೆಯ ಯುಎಸ್‌ಬಿ 2ರಲ್ಲಿ 64 ಜಿಬಿ ಪೂರ್ತಿ ಇಳಿಯಲು ಅರ್ಧ ಗಂಟೆಯಾದರೂ ಬೇಕು.

ಹೊಸ ರೀಡರಿನಲ್ಲೂ ಅದೇ ಪ್ರಶ್ನೆ ಕೇಳಿದರೆ, ಕ್ಯಾಮೆರಾದಲ್ಲೂ ಫೋಟೊ ಕಾಣದಿದ್ದರೆ ಮಾತ್ರ ಕಾರ್ಡ್ ಕೆಟ್ಟಿದೆ ಅನ್ನಬಹುದು. ಆಗ ಅದರಲ್ಲಿ ಇನ್ನೊಂದು ಫೋಟೊ ಕೂಡ ತೆಗೆಯಬೇಡಿ. ಯಾರೋ ಹೇಳಿದರು ಅಂತ ಡಿಸ್ಕಿನ ದೋಷ ಸರಿಮಾಡುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಕಾರ್ಡಿನ ಮೇಲೇ ಬರೆಯುತ್ತದೆ. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಕಾರ್ಡನ್ನು ಓದಿ, ಸಿಕ್ಕಿದ ಫೋಟೊಗಳನ್ನು ಹಾರ್ಡ್‌ಡಿಸ್ಕಿಗೆ ಹಾಕುತ್ತದೆ. ಹಳೆಯ ಹೆಸರುಗಳು ಹೋಗುತ್ತವೆ, ಫೋಟೊ ಉಳಿಯುತ್ತದೆ. ತಪ್ಪಿ ಫಾರ್ಮ್ಯಾಟ್ ಒತ್ತಿದವರಿಗೂ ಇದೇ ದಾರಿ, ಕ್ವಿಕ್ ಫಾರ್ಮ್ಯಾಟ್ ಆಗಿದ್ದು ಮೇಲೆ ಹೊಸದು ಬರೆಯದೆ ಇದ್ದರೆ.

ಈ ತಂತ್ರಾಂಶದ ಪರಿಚಯ ನನಗಾದದ್ದು ನನ್ನದೇ ದಡ್ಡತನದಿಂದ. ಒಂದು ವರ್ಷ ಕುದ್ರೋಳಿಯ ದಸರಾ ಮೆರವಣಿಗೆಯ ಹುಲಿವೇಷದ ಫೋಟೊಗಳನ್ನು ಕಾಪಿ ಮಾಡದೆ 'ಕಟ್' ಮಾಡಿ ಪೇಸ್ಟ್ ಕೊಟ್ಟಿದ್ದೆ. ಅರ್ಧಕ್ಕೆ ಕರೆಂಟ್ ಹೋಯಿತು. ಮನೆಯಲ್ಲಿ ಯುಪಿಎಸ್ ಇರಲಿಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಕೆಲವು ಫೋಟೊ ಕಾರ್ಡಿನಲ್ಲಿ ಇಲ್ಲ. ಹಾರ್ಡ್‌ಡಿಸ್ಕಿನಲ್ಲಿ ಹೆಸರು ಉಂಟು, ತೆರೆದರೆ ಬೂದು ಬಣ್ಣ. ಹುಲಿಯ ಮುಖ ಇದೆ, ಹೊಟ್ಟೆಯಿಂದ ಕೆಳಗೆ ಬೂದು. ಕಾರ್ಡಿನಿಂದ ಹೆಚ್ಚಿನವು ವಾಪಸ್ ಬಂದವು, ಎಲ್ಲವೂ ಅಲ್ಲ. ಈಗ ನಾನು ಕಾರ್ಡ್ ಖಾಲಿ ಮಾಡುವುದು ಕಾಪಿ ಆದ ಫೋಟೊಗಳನ್ನು ದೊಡ್ಡದು ಮಾಡಿ, ಮೊದಲು, ನಡುವೆ, ಕೊನೆಗೆ ಅಂತ ತೆರೆದು ನೋಡಿ, ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿದ ಮೇಲೆ. ಖಾಲಿ ಮಾಡುವುದೂ ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್.

ಪ್ರಶ್ನೆ: ಜೆಪೆಗ್ ಫೋಟೊಗಳು ಕಾಣುತ್ತವೆ, ಆದರೆ ರಾ ಫೈಲುಗಳು ಬರೀ ಬಿಳಿ ಹಾಳೆಯ ಚಿತ್ರದಂತೆ ಕಾಣುತ್ತವೆ. ಕಾಪಿ ಆಗುವಾಗ ಹಾಳಾದವಾ?
(ಮಣಿಪಾಲದ ವಿದ್ಯಾರ್ಥಿ)

ಉತ್ತರ: ಹಾಳಾಗಿಲ್ಲ. ರಾ ಅಂದರೆ ಕ್ಯಾಮೆರಾ ಜೆಪೆಗ್ ಮಾಡದೆ ಹಾಗೇ ಉಳಿಸಿದ ಮೂಲ ಫೈಲ್, ಅದನ್ನು ವಿಂಡೋಸಿಗೆ ಓದಲು ಗೊತ್ತಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ 'ರಾ ಇಮೇಜ್ ಎಕ್ಸ್‌ಟೆನ್ಶನ್' ಅಂತ ಉಚಿತವಾಗಿ ಸಿಗುತ್ತದೆ, ಹಾಕಿ. ಅದಾದ ಮೇಲೂ ಕಾಣದಿದ್ದರೆ ನಿಮ್ಮ ಕ್ಯಾಮೆರಾ ಅದಕ್ಕಿಂತ ಹೊಸದಿರಬಹುದು. ಕ್ಯಾಮೆರಾ ಕಂಪನಿಯೇ ಕೊಡುವ ತಂತ್ರಾಂಶದಲ್ಲಿ ತೆರೆಯುತ್ತದೆ. ಅನುಮಾನ ಇದ್ದರೆ ಕಾರ್ಡಿನಲ್ಲಿರುವ ಫೈಲ್ ಎಷ್ಟು ಎಂಬಿ, ಕಂಪ್ಯೂಟರಿನಲ್ಲಿರುವುದು ಎಷ್ಟು ಎಂಬಿ ಅಂತ ಹೋಲಿಸಿ. ಕಂಪ್ಯೂಟರಿನದ್ದು ಚಿಕ್ಕದಾಗಿದ್ದರೆ ಕಾಪಿ ಅರ್ಧಕ್ಕೆ ನಿಂತಿದೆ, ಕಾರ್ಡಿನಿಂದ ಇನ್ನೊಮ್ಮೆ ತೆಗೆದುಕೊಳ್ಳಿ.