ಕಾವಿಗೆ ಕೂತ ಹೇಂಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ನಾಟಿ ಹೇಂಟೆಯೊಂದು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ 15 ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಆರು ಮರಿಗಳಾದ ಎರಡನೆಯ ದಿನವೇ ಅದು ಮರಿಗಳನ್ನು ಕರೆದುಕೊಂಡು ಗೂಡು ಬಿಟ್ಟಿತು. ಉಳಿದ ಮೊಟ್ಟೆಗಳನ್ನು ಒಡೆದು ನೋಡಿದಾಗ ಮೂರರಲ್ಲಿ ಇನ್ನೂ ಅಲುಗಾಡುತ್ತಿದ್ದ ಮರಿಗಳಿದ್ದವು. ಈ ಕೋಳಿ ಕಾವಿಗೆ ಯೋಗ್ಯವಲ್ಲವೆ? ಮುಂದಿನ ಬಾರಿ ಬೇರೆಯದನ್ನು ಕೂರಿಸಬೇಕೆ?
– ನಾಪೋಕ್ಲು ಸಮೀಪದ ಓದುಗರು

ಉತ್ತರ: ಕೋಳಿಯನ್ನು ಬದಲಾಯಿಸುವ ಅಗತ್ಯವಿಲ್ಲ. ನಿಮ್ಮ ಹೇಂಟೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಕೆಟ್ಟಿರುವುದು ಮೊಟ್ಟೆಗಳ ಲೆಕ್ಕ. ಕೋಳಿಮೊಟ್ಟೆ ಮರಿಯಾಗಲು 21 ದಿನಗಳ ಕಾವು ಬೇಕು. ಈ ದಿನಗಳು ಆರಂಭವಾಗುವುದು ಮೊಟ್ಟೆ ಇಟ್ಟ ದಿನದಿಂದಲ್ಲ, ಅದಕ್ಕೆ ಎಡೆಬಿಡದೆ ಕಾವು ತಗುಲಿದ ದಿನದಿಂದ. ಹಾಗಾಗಿ ಹಲವು ದಿನಗಳಲ್ಲಿ ಇಟ್ಟ ಮೊಟ್ಟೆಗಳನ್ನು ಒಂದೇ ದಿನ ಕಾವಿಗೆ ಇಟ್ಟರೆ ಮರಿಗಳೆಲ್ಲವೂ ಒಂದೆರಡು ದಿನಗಳ ಅಂತರದಲ್ಲಿ ಹೊರಬರುತ್ತವೆ. ಸೌದೆ ಕೊಟ್ಟಿಗೆಯಂಥ ತೆರೆದ ಜಾಗದಲ್ಲಿ ಕೋಳಿ ತಾನಾಗಿಯೇ ಕೂತಾಗ, ಅದು ಮೇಯಲು ಎದ್ದ ಹೊತ್ತಿನಲ್ಲಿ ಬೇರೆ ಹೇಂಟೆಗಳು ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಕಾವಿನ ಐದನೆಯ ದಿನ ಸೇರಿದ ಮೊಟ್ಟೆ, ಮೊದಲಿನ ಮರಿಗಳು ಹೊರಬರುವಾಗ ಇನ್ನೂ 16 ದಿನಗಳದ್ದಾಗಿರುತ್ತದೆ. ತಾಯಿಯಾದರೋ ಹುಟ್ಟಿದ ಮರಿಗಳ ಹಸಿವಿಗಾಗಿ ಒಂದೆರಡು ದಿನಗಳಲ್ಲಿ ಏಳಲೇಬೇಕು. ನೀವು ಕಂಡ ಆ ಮೂರು ಮರಿಗಳು ಇಂಥ ತಡವಾದ ಮೊಟ್ಟೆಗಳವೇ ಆಗಿರುವ ಸಾಧ್ಯತೆ ಹೆಚ್ಚು.

ಮುಂದಿನ ಬಾರಿ ಕೋಳಿ ಕಾವಿಗೆ ಬಂದ ಲಕ್ಷಣ ಕಂಡೊಡನೆ, ಅಂದರೆ ಅದು ರಾತ್ರಿಯೂ ಗೂಡು ಬಿಡದೆ, ಕೈ ಹಾಕಿದರೆ ಗರಿ ಕೆದರಿ ಕುಕ್ಕಲು ಬಂದಾಗ, ಮೊದಲು ಬೇಡದ ಒಂದೆರಡು ಮೊಟ್ಟೆಗಳನ್ನಷ್ಟೇ ಅದರ ಕೆಳಗೆ ಬಿಡಿ. ಎರಡು ದಿನ ಗಟ್ಟಿಯಾಗಿ ಕೂತದ್ದು ಖಚಿತವಾದ ಮೇಲೆ, ಕತ್ತಲಾದ ನಂತರ ಅದನ್ನು ಬೇರೆ ಕೋಳಿಗಳು ನುಗ್ಗಲಾಗದ ಜಾಗಕ್ಕೆ ಸಾಗಿಸಿ, ಆರಿಸಿದ ಮೊಟ್ಟೆಗಳನ್ನು ಒಟ್ಟಿಗೆ ಇಡಿ. ನಾಟಿ ಹೇಂಟೆಯ ಮೈಗೆ 10ರಿಂದ 12 ಮೊಟ್ಟೆಗಳು ಸಾಕು. ಹದಿನೈದು ಇಟ್ಟರೆ ಅಂಚಿನವು ಸರದಿಯಂತೆ ತಣ್ಣಗಾಗುತ್ತವೆ. ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಿಂದ ಗುರುತು ಹಾಕಿ. ಗುರುತಿಲ್ಲದ ಮೊಟ್ಟೆ ಕಂಡರೆ ಅದೇ ದಿನ ತೆಗೆದು ಅಡುಗೆಮನೆಗೆ ಕಳುಹಿಸಿ. ನನ್ನ ಅಭಿಪ್ರಾಯದಲ್ಲಿ ಹಿತ್ತಲಿನ ಕೋಳಿಸಾಕಣೆಯಲ್ಲಿ ಈ ಪೆನ್ಸಿಲ್ ಗುರುತಿನಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಏಳನೆಯ ರಾತ್ರಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡುವುದೂ ಒಳ್ಳೆಯದು. ಒಳಗೆ ಕಪ್ಪು ಚುಕ್ಕೆಯೊಂದು, ಅದರ ಸುತ್ತ ಜೇಡರಬಲೆಯಂತೆ ಹರಡಿದ ಕೆಂಪು ನರಗಳು ಕಂಡರೆ ಮರಿ ಬೆಳೆಯುತ್ತಿದೆ. ಏನೂ ಇಲ್ಲದೆ ತಿಳಿಯಾಗಿ ಹೊಳೆದರೆ ಅದು ಗೊಡ್ಡು ಮೊಟ್ಟೆ. ಉಂಗುರದಂಥ ರಕ್ತದ ಗೆರೆ ಮಾತ್ರ ಇದ್ದರೆ ಮರಿ ಆರಂಭದಲ್ಲೇ ಸತ್ತಿದೆ. ಇವೆರಡನ್ನೂ ತೆಗೆದುಬಿಟ್ಟರೆ, ಕೊಳೆತ ಮೊಟ್ಟೆ ಒಡೆದು ಉಳಿದವನ್ನೂ ಕೆಡಿಸುವ ಭಯವಿಲ್ಲ. ಗೊಡ್ಡು ಮೊಟ್ಟೆಗಳೇ ಹೆಚ್ಚಾಗಿದ್ದರೆ ದೋಷವನ್ನು ಹುಂಜದಲ್ಲಿ ಹುಡುಕಬೇಕು. ಎಂಟು ಹತ್ತು ಹೇಂಟೆಗಳಿಗೆ ಚುರುಕಾದ ಒಂದು ಹುಂಜ ಸಾಕು. ಇಪ್ಪತ್ತಕ್ಕೆ ಒಂದೇ ಆದರೆ ಸಾಲದು.

ಪ್ರಶ್ನೆ: ಮಳೆಗಾಲದಲ್ಲಿ ಕೋಳಿಯನ್ನು ಕಾವಿಗೆ ಕೂರಿಸಬಹುದೆ? ಗುಡುಗಿನ ಸದ್ದಿಗೆ ಮೊಟ್ಟೆ ಕೆಡುತ್ತದೆಂದು ನಮ್ಮ ಅತ್ತೆಯವರು ಗೂಡಿನಲ್ಲಿ ಕಬ್ಬಿಣದ ತುಂಡು ಇಡುತ್ತಾರೆ. ಇದು ನಿಜವೆ?
– ಭಾಗಮಂಡಲದ ಓದುಗರು

ಉತ್ತರ: ಗುಡುಗಿಗೂ ಮೊಟ್ಟೆ ಕೆಡುವುದಕ್ಕೂ ಸಂಬಂಧವಿಲ್ಲ; ಆದರೆ ಗುಡುಗಿನ ಕಾಲದಲ್ಲಿ ಮೊಟ್ಟೆ ಕೆಡುತ್ತದೆಂಬ ಅನುಭವ ಸುಳ್ಳೇನಲ್ಲ. ನಮ್ಮ ಕೊಡಗಿನಲ್ಲಿ ಗುಡುಗು ಹೆಚ್ಚಾಗಿರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಸೆಕೆಯ ದಿನಗಳಲ್ಲಿ. ಹುಂಜ ಸೇರಿದ ಮೊಟ್ಟೆ ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಕೋಣೆಯಲ್ಲಿದ್ದರೆ ಅದರೊಳಗಿನ ಜೀವ ನಿಧಾನವಾಗಿ ಬೆಳೆಯತೊಡಗಿ, ಸಾಕಷ್ಟು ಕಾವು ಸಿಗದೆ ಸಾಯುತ್ತದೆ. ಒಲೆಯ ಪಕ್ಕದ ಗೂಡಿನಲ್ಲಿ ಎರಡು ವಾರ ಕೂಡಿಟ್ಟ ಮೊಟ್ಟೆಗಳಿಗೆ ಆಗುವುದು ಇದೇ. ಕಾವಿಗೆ ಇಡುವ ಮೊಟ್ಟೆಗಳನ್ನು ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ, ಚೂಪು ತುದಿ ಕೆಳಗಾಗುವಂತೆ, ತೊಳೆಯದೆ ಇಡಿ. ಒಂದು ವಾರದೊಳಗೆ ಬಳಸಿ. ಅತ್ತೆಯವರ ಕಬ್ಬಿಣದ ತುಂಡಿನಿಂದ ಯಾವ ನಷ್ಟವೂ ಇಲ್ಲ, ಮೊಟ್ಟೆಗೆ ತಾಗಿ ಬಿರುಕು ಬಿಡದಂತೆ ಇಟ್ಟರೆ ಆಯಿತು.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ತಿಂಗಳ, ಮಳೆಯಲ್ಲಿ ಮರಿ ಮಾಡಿಸುವುದು ಕಷ್ಟವಲ್ಲ, ಮಾಡಿಸಿದ ಮರಿಗಳನ್ನು ಉಳಿಸಿಕೊಳ್ಳುವುದು ಕಷ್ಟ. ಬೆತ್ತದ ಬುಟ್ಟಿಯನ್ನು ನೆಲಕ್ಕೆ ತಾಗದಂತೆ ಎತ್ತರದಲ್ಲಿಟ್ಟು, ತಳಕ್ಕೆ ಒಣ ಬೂದಿ, ಅದರ ಮೇಲೆ ಭತ್ತದ ಹುಲ್ಲು ಹಾಸಿದರೆ ಕಾವು ಚೆನ್ನಾಗಿಯೇ ನಡೆಯುತ್ತದೆ. ಬೂದಿ ಕೋಳಿಹೇನನ್ನೂ ತಡೆಯುತ್ತದೆ. ಕಾಫಿ ಸಿಪ್ಪೆಯನ್ನು ಹಾಸಬೇಡಿ, ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಆದರೆ ಮರಿಗಳು ತಾಯಿಯ ಹಿಂದೆ ಒದ್ದೆ ಹುಲ್ಲಿನಲ್ಲಿ ಅಲೆದರೆ ನೆನೆದು ಚಳಿಗೆ ಸಾಯುತ್ತವೆ, ಉಳಿದವಕ್ಕೆ ತೇವದ ನೆಲದಿಂದ ರಕ್ತಭೇದಿ ಅಂಟಿಕೊಳ್ಳುತ್ತದೆ. ಮೊದಲ ನಾಲ್ಕು ವಾರ ತಾಯಿಯನ್ನೂ ಮರಿಗಳನ್ನೂ ಒಣ ಹೊಟ್ಟಿನ ಮೇಲೆ ಸೂರಿನಡಿ ಕೂಡಿಡಲು ಜಾಗವಿದ್ದರೆ ಕೂರಿಸಿ. ಇಲ್ಲದಿದ್ದರೆ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಕೂರಿಸುವುದು ಲೇಸು. ಆಗ ಮರಿಗಳು ಹೊರಗೆ ಕಾಲಿಡುವ ಹೊತ್ತಿಗೆ ಬಿಸಿಲು ಕಾಣುತ್ತದೆ.

ಪ್ರಶ್ನೆ: ಮೊಟ್ಟೆಯಲ್ಲಿ ತೂತು ಕಂಡು ಅರ್ಧ ದಿನವಾದರೂ ಮರಿ ಹೊರಬರಲಿಲ್ಲ. ಚಿಪ್ಪನ್ನು ಬಿಡಿಸಿದಾಗ ರಕ್ತ ಬಂದು ಮರಿ ಸತ್ತಿತು. ಸಹಾಯ ಮಾಡಬಾರದೆ?
– ಸುಂಟಿಕೊಪ್ಪದ ಓದುಗರು

ಉತ್ತರ: ಮಾಡಬಾರದು. ಮೊದಲ ತೂತಿನಿಂದ ಮರಿ ಹೊರಬರುವವರೆಗೆ 12ರಿಂದ 24 ಗಂಟೆ ಹಿಡಿಯುವುದು ಸಹಜ. ಹೊರಗಿನಿಂದ ನೋಡುವವರಿಗೆ ಮರಿ ಸೋತು ಮಲಗಿದಂತೆ ಕಾಣುತ್ತದೆ. ಒಳಗೆ ಅದು ಚಿಪ್ಪಿನ ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತ, ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಸೇರಿಸಿಕೊಳ್ಳುತ್ತಿರುತ್ತದೆ. ಅದು ಮುಗಿಯುವ ಮೊದಲೇ ಪೊರೆ ಹರಿದರೆ ರಕ್ತ ಸುರಿಯದೆ ಇರುವುದಿಲ್ಲ. ಆ ಹಳದಿಯ ಬಲದಿಂದಲೇ ಹೊಸ ಮರಿ ಎರಡು ದಿನ ಆಹಾರವಿಲ್ಲದೆ ಇರಬಲ್ಲದು. ಆದ್ದರಿಂದ ಬೇಗ ಹುಟ್ಟಿದವನ್ನು ಮೇಯಿಸಲೆಂದು ತಾಯಿಯನ್ನು ಎಬ್ಬಿಸಲೂ ಬೇಡಿ. ಆ ದಿನ ನಿಮಗಿರುವ ಕೆಲಸವೆಂದರೆ ಇರುವೆ ಸಾಲು ಬುಟ್ಟಿಗೆ ಹತ್ತದಂತೆ, ಹೆಗ್ಗಣ, ಮುಂಗುಸಿ ಒಳನುಗ್ಗದಂತೆ ಕಾಯುವುದು. ಎಲ್ಲ ಎದ್ದ ಮೇಲೆ ಆಳವಿಲ್ಲದ ತಟ್ಟೆಯಲ್ಲಿ ನೀರು, ಸಣ್ಣ ಅಕ್ಕಿನುಚ್ಚು ಇಡಿ. ಬರಿಯ ನುಚ್ಚಿನಿಂದ ಮರಿ ಬೆಳೆಯದು. ಮರಿಗಳ ಆಹಾರವನ್ನೋ, ಅಗೆದು ತಂದ ಗೆದ್ದಲನ್ನೋ ಜೊತೆಗೆ ಕೊಡಬೇಕು.

ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸೊಟಾ ಲಸಿಕೆಯನ್ನು ಕಣ್ಣಿಗೆ ಹನಿಯಾಗಿ ಹಾಕಿಸಿ. ಒಂದು ಸೀಸೆಯಲ್ಲಿ ನೂರಕ್ಕೂ ಹೆಚ್ಚು ಮರಿಗಳಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ನೆರೆಯ ನಾಲ್ಕಾರು ಮನೆಯವರು ಕೂಡಿ ಪಶುವೈದ್ಯರನ್ನು ಕಂಡರೆ ಯಾರಿಗೂ ಹೊರೆಯಾಗದು.

ಪ್ರಶ್ನೆ: ಗಿರಿರಾಜ ಕೋಳಿ ಕಾವಿಗೇ ಕೂರುವುದಿಲ್ಲ. ಅದರ ಮೊಟ್ಟೆಯನ್ನು, ಅಥವಾ ಬಾತುಮೊಟ್ಟೆಯನ್ನು, ನಾಟಿ ಕೋಳಿಯ ಕೆಳಗೆ ಇಡಬಹುದೆ?
– ಪೊನ್ನಂಪೇಟೆಯ ಓದುಗರು

ಉತ್ತರ: ಎರಡನ್ನೂ ಇಡಬಹುದು, ಒಟ್ಟಿಗೆ ಬೇಡ. ಗಿರಿರಾಜದ ಮೊಟ್ಟೆ ದೊಡ್ಡದಾದ್ದರಿಂದ ಎಂಟಕ್ಕೆ ನಿಲ್ಲಿಸಿ. ಅದಕ್ಕೂ 21 ದಿನಗಳೇ. ಬಾತುಮೊಟ್ಟೆಗೆ 28 ದಿನ ಬೇಕು. ಅಷ್ಟು ದಿನ ಕೂರುವ ಹೇಂಟೆ ಬಡವಾಗುವುದರಿಂದ ಪ್ರತಿದಿನ ಗೂಡಿನ ಪಕ್ಕದಲ್ಲೇ ಕಾಳು, ನೀರು ಇಟ್ಟು, ಅದು ಎದ್ದು ಹಿಕ್ಕೆ ಹಾಕಿ ಮಣ್ಣಿನಲ್ಲಿ ಹೊರಳುವ ಕಾಲು ಗಂಟೆ ಅದನ್ನು ಯಾರೂ ಅಟ್ಟದಂತೆ ನೋಡಿಕೊಳ್ಳಿ.