ನೆಟ್‌ವರ್ಕ್ ಸತ್ತ ಊರಿಂದ ಈಮೇಲ್ ಹೋಗುತ್ತಾ?

ಪ್ಯಾಕೆಟ್ ರೇಡಿಯೊ ಬಗ್ಗೆ ಓದುಗರ ಪ್ರಶ್ನೆಗಳು, ಹ್ಯಾಮ್ ತಜ್ಞರ ಉತ್ತರ

ಪ್ರಶ್ನೆ: 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಕಡೆ ಗುಡ್ಡ ಕುಸಿದಾಗ ಕರೆಂಟೂ ಇಲ್ಲ, ಫೋನೂ ಇಲ್ಲ. ಹ್ಯಾಮ್ ರೇಡಿಯೊದಲ್ಲಿ ಈಮೇಲ್ ಕೂಡ ಕಳಿಸಬಹುದು ಅಂತ ಈಚೆಗೆ ಕೇಳಿದೆ. ಇಂಟರ್ನೆಟ್ಟೇ ಇಲ್ಲದಿದ್ದರೆ ಈಮೇಲ್ ಹೋಗುವುದು ಹೇಗೆ?
ಓದುಗರು, ಮಡಿಕೇರಿ

ಇಂಟರ್ನೆಟ್ ನಿಮ್ಮ ಊರಲ್ಲೇ ಇರಬೇಕಾಗಿಲ್ಲ. ನಿಮ್ಮ ರೇಡಿಯೊ ತಲುಪುವಷ್ಟು ದೂರದಲ್ಲಿ ಇನ್ನೊಬ್ಬ ಹ್ಯಾಮ್‌ನ (ಲೈಸೆನ್ಸ್ ಪಡೆದ ರೇಡಿಯೊ ಹವ್ಯಾಸಿಯ) ಮನೆಯಲ್ಲಿ ಅದು ಇದ್ದರೆ ಸಾಕು. ನಡುವಿನ ದಾರಿಯನ್ನು ರೇಡಿಯೊ ದಾಟಿಸುತ್ತದೆ. ಅಲ್ಲಿಂದ ಮುಂದೆ ಮಾಮೂಲಿ ಈಮೇಲ್.

ಒಳಗೆ ನಡೆಯುವುದು ಹೀಗೆ. ನೀವು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದ ಮೇಲ್ ಸಣ್ಣ ಸಣ್ಣ ತುಂಡಾಗುತ್ತದೆ. ಒಂದು ತುಂಡು ಸಾಮಾನ್ಯವಾಗಿ 128 ಬೈಟ್, ಜಾಸ್ತಿ ಅಂದರೆ 256. ಪ್ರತಿ ತುಂಡಿನ ಮುಂದೆ ಕಳಿಸುವವರ, ಪಡೆಯುವವರ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಇರುತ್ತದೆ. ಕೊನೆಯಲ್ಲಿ ತಪ್ಪು ಹಿಡಿಯಲು ಒಂದು ಲೆಕ್ಕ. ಇದೇ ಪ್ಯಾಕೆಟ್. ಮೋಡೆಮ್ ಇದನ್ನು ಎರಡು ಸ್ವರಗಳಾಗಿ ಮಾಡುತ್ತದೆ, ಒಂದು 1200 ಹರ್ಟ್ಸ್, ಇನ್ನೊಂದು 2200. ರೇಡಿಯೊ ಮಟ್ಟಿಗೆ ಅದು ನಿಮ್ಮ ಮಾತಿನ ಹಾಗೇ ಬರೀ ಸದ್ದು. ಕಿವಿಗೆ 'ಝ್ರ್‌ರ್‌ರ್' ಅಂತ ಒಂದು ಸೆಕೆಂಡು ಕೇಳಿಸುತ್ತದೆ, ಅಷ್ಟೇ. ಆ ಕಡೆಯ ಮೋಡೆಮ್ ಲೆಕ್ಕ ತಾಳೆ ನೋಡುತ್ತದೆ. ಸರಿ ಇದ್ದರೆ 'ಬಂತು' ಅಂತ ಪುಟ್ಟ ಪ್ಯಾಕೆಟ್ ವಾಪಸ್ ಬರುತ್ತದೆ. ಒಂದೇ ಒಂದು ಬಿಟ್ ಕೆಟ್ಟಿದ್ದರೂ ಇಡೀ ತುಂಡನ್ನು ಬಿಸಾಕುತ್ತದೆ. 'ಬಂತು' ಅಂತ ಉತ್ತರ ಬರದಿದ್ದರೆ ನಿಮ್ಮ ಮೋಡೆಮ್ ತಾನಾಗೇ ಮತ್ತೆ ಕಳಿಸುತ್ತದೆ. ಈ ಕಟ್ಟುಪಾಡಿಗೆ ಎಎಕ್ಸ್.25 ಅಂತ ಹೆಸರು.

ಇದು ಹೊಸ ಸಂಗತಿಯಲ್ಲ. ಹವಾಯಿ ವಿಶ್ವವಿದ್ಯಾಲಯದವರು 1971ರಲ್ಲೇ ಅಲೋಹಾನೆಟ್ ಅಂತ ಮಾಡಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊದಲ್ಲಿ ಪ್ಯಾಕೆಟ್ ಕಳಿಸಿದ್ದರು. ಹ್ಯಾಮ್‌ಗಳ ಪೈಕಿ ಮೊದಲಿಗರು ಕೆನಡಾದ ಮಾಂಟ್ರಿಯಲ್‌ನವರು, 1978ರ ಮೇ 31ರಂದು. ಆಮೇಲೆ ಅಮೆರಿಕದ ಟೂಸಾನ್ ಊರಿನ ಟ್ಯಾಪರ್ ಗುಂಪು ಟಿಎನ್‌ಸಿ ಎಂಬ ಮೋಡೆಮ್ ಪೆಟ್ಟಿಗೆಯನ್ನು ಕಿಟ್ ಮಾಡಿ ಹಂಚಿತು. 80ರ ದಶಕದಲ್ಲಿ ಮೇಲ್ ಕೂಡಿಡುವ ಬುಲೆಟಿನ್ ಬೋರ್ಡ್ ಸ್ಟೇಷನ್‌ಗಳು ಬಂದವು. ಮೇಲ್ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಕೈಬದಲಾಗುತ್ತಾ ದೇಶ ದಾಟುತ್ತಿತ್ತು, ನಿಧಾನಕ್ಕೆ.

ಈಗ ಹೆಚ್ಚಿನವರು ಬಳಸುವುದು ವಿನ್‌ಲಿಂಕ್ ಎಂಬ ರೇಡಿಯೊ ಈಮೇಲ್ ವ್ಯವಸ್ಥೆ. ಇಲ್ಲಿ ನಿಮ್ಮ ಕಾಲ್‌ಸೈನೇ ನಿಮ್ಮ ವಿಳಾಸ: ಕಾಲ್‌ಸೈನ್, ಅಟ್, ವಿನ್‌ಲಿಂಕ್ ಡಾಟ್ ಆರ್ಗ್. ನೀವು ಗೇಟ್‌ವೇ ಸ್ಟೇಷನ್‌ಗೆ, ಅಂದರೆ ಇಂಟರ್ನೆಟ್ ಇರುವ ಆ ಹ್ಯಾಮ್ ಸ್ಟೇಷನ್‌ಗೆ, ರೇಡಿಯೊದಲ್ಲಿ ಕನೆಕ್ಟ್ ಆದಾಗ ನಿಮ್ಮ ಮೇಲ್ ಆಚೆ ಹೋಗುತ್ತದೆ, ನಿಮಗೆ ಬಂದಿದ್ದು ಈಚೆ ಬರುತ್ತದೆ. ಪಡೆಯುವವರು ಹ್ಯಾಮ್ ಆಗಿರಬೇಕಿಲ್ಲ. ಆದರೆ ಅವರು ನಿಮಗೆ ತಾವಾಗಿಯೇ ಮೊದಲ ಮೇಲ್ ಬರೆದರೆ ಅದು ನಿಮಗೆ ಮುಟ್ಟದೇ ಹೋಗಬಹುದು. ಸ್ಪ್ಯಾಮ್ ತಡೆಯಲು ಒಪ್ಪಿಗೆ ಪಟ್ಟಿ ಇದೆ. ನೀವು ಯಾರಿಗೆ ಮೇಲ್ ಹಾಕಿದಿರೋ ಅವರ ಹೆಸರು ತಾನಾಗೇ ಆ ಪಟ್ಟಿಗೆ ಸೇರುತ್ತದೆ. ಹಾಗಾಗಿ ಮನೆಯವರಿಗೆಲ್ಲ ಈಗಲೇ ಒಂದೊಂದು ಮೇಲ್ ಹಾಕಿಡಿ. ಸಾಫ್ಟ್‌ವೇರ್, ಅಕೌಂಟ್ ಕೂಡ ಅಷ್ಟೇ. ಟವರ್ ಬಿದ್ದ ಮೇಲೆ ಡೌನ್‌ಲೋಡ್ ಮಾಡಲಾಗದು.

ಇನ್ನು ನಿಮ್ಮ ಮಡಿಕೇರಿಯ ಸಮಸ್ಯೆ. 144 ರಿಂದ 146 ಮೆಗಾಹರ್ಟ್ಸ್‌ನ ಎರಡು ಮೀಟರ್ ಬ್ಯಾಂಡ್ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಾರಿಯಲ್ಲೇ ಹೋಗುತ್ತದೆ. ನಡುವೆ ಗುಡ್ಡ ಅಡ್ಡ ಬಂದರೆ ಮುಗಿಯಿತು. ಬೆಟ್ಟದ ನೆತ್ತಿಯಲ್ಲಿ ಒಂದು ಡಿಜಿಪೀಟರ್ ಇದ್ದರೆ ಬಚಾವ್. ಕೇಳಿದ ಪ್ಯಾಕೆಟ್ಟನ್ನು ಹಾಗೇ ಮತ್ತೆ ಬಿಡುವುದಷ್ಟೇ ಅದರ ಕೆಲಸ, ಒಂದು ರೇಡಿಯೊ, ಒಂದು ಮೋಡೆಮ್, ಒಂದು ಬ್ಯಾಟರಿ ಸಾಕು. ಅದೂ ಇಲ್ಲದ ಕಡೆ ನಾನು ಪ್ಯಾಕೆಟ್ ಬಿಟ್ಟು 40 ಮೀಟರ್ ಬ್ಯಾಂಡಿಗೆ ಹೋಗಿ ಅಂತಲೇ ಹೇಳುವುದು. ಸುಮಾರು 20 ಮೀಟರ್ ಉದ್ದದ ಡೈಪೋಲ್ ಆಂಟೆನಾ ತಂತಿಯನ್ನು ತೋಟದ ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಟ್ಟಿ. ತೀರಾ ಎತ್ತರ ಬೇಡ. ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರಿಗೆ ಇಳಿಯುತ್ತದೆ, ಗುಡ್ಡದ ತಂಟೆಯೇ ಇಲ್ಲ. ಅಲ್ಲಿ ಮೋಡೆಮ್ ಬೇರೆ, ವಾರಾ ಅಥವಾ ಆರ್ಡಾಪ್ ಎಂಬ ಸಾಫ್ಟ್‌ವೇರ್. ವಿನ್‌ಲಿಂಕ್ ಮಾತ್ರ ಅದೇ.

ಗೇಟ್‌ವೇಗಳು ನಮ್ಮಲ್ಲಿ ಊರೂರಿಗೆ ಇಲ್ಲ. ವಿನ್‌ಲಿಂಕ್‌ನ ಮ್ಯಾಪ್ ತೆಗೆದು ಹತ್ತಿರದ್ದು ಯಾವುದು ನೋಡಿ. ಸಿಗದಿದ್ದರೆ ಗೇಟ್‌ವೇ ಇಲ್ಲದೆಯೂ ನಡೆಯುತ್ತದೆ. ಇಬ್ಬರು ಹ್ಯಾಮ್‌ಗಳು ನೇರ ಒಬ್ಬರಿಗೊಬ್ಬರು ಮೇಲ್ ದಾಟಿಸುವ ವ್ಯವಸ್ಥೆ ಅದೇ ಸಾಫ್ಟ್‌ವೇರಲ್ಲಿದೆ. ಆ ಕಡೆಯವರು ಅದನ್ನು ಓದಿ ಅಧಿಕಾರಿಗಳಿಗೆ ಮುಟ್ಟಿಸಬಹುದು.

ಮಾತಲ್ಲೇ ಹೇಳಬಹುದಲ್ವಾ, ಇಷ್ಟೆಲ್ಲ ಯಾಕೆ ಅಂತ ಹಳೆಯ ಹ್ಯಾಮ್‌ಗಳೇ ಕೇಳುತ್ತಾರೆ. 'ಎಲ್ಲರೂ ಕ್ಷೇಮ' ಅನ್ನಲು ಮಾತೇ ಬೇಗ. ಆದರೆ ಪರಿಹಾರ ಕೇಂದ್ರದಿಂದ 60 ಜನರ ಹೆಸರು, ವಯಸ್ಸು, ಯಾರಿಗೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಅಂತ ಮೈಕಿನಲ್ಲಿ ಓದಿ ನೋಡಿ. 15 ಅಂದದ್ದು 50 ಆಗುತ್ತದೆ. ಪ್ಯಾಕೆಟ್‌ನಲ್ಲಿ ಪಟ್ಟಿ ಬಂದರೆ ಅಕ್ಷರ ಬಿಡದೆ ಬರುತ್ತದೆ, ಇಲ್ಲವಾದರೆ ಬರುವುದೇ ಇಲ್ಲ. ನನ್ನ ಪ್ರಕಾರ ಪ್ಯಾಕೆಟ್ ಇಂದಿಗೂ ಉಳಿದಿರುವುದಕ್ಕೆ ಇದೊಂದೇ ಕಾರಣ ಸಾಕು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಲೈಸೆನ್ಸ್ ಬಂದಿದೆ, ಅಗ್ಗದ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ಇದೆ. ಕೇಬಲ್ ಮಾಡಿಕೊಂಡು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಪ್ಯಾಕೆಟ್ ಸದ್ದು ಕೇಳಿಸುತ್ತದೆ, ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ. ಟಿಎನ್‌ಸಿ ಕೊಳ್ಳಲೇಬೇಕಾ?
ಓದುಗರು, ಧಾರವಾಡ

ಬೇಡ. ದುಡ್ಡು ಉಳಿಸಿ. ಡೈರ್‌ವುಲ್ಫ್ ಎಂಬ ಉಚಿತ ಸಾಫ್ಟ್‌ವೇರ್ ಸೌಂಡ್ ಕಾರ್ಡನ್ನೇ ಟಿಎನ್‌ಸಿ ಮಾಡುತ್ತದೆ. ವಿಂಡೋಸ್ ಆದರೆ ಮೇಲ್‌ಗೆ ವಿನ್‌ಲಿಂಕ್ ಎಕ್ಸ್‌ಪ್ರೆಸ್, ಲಿನಕ್ಸ್ ಅಥವಾ ರಾಸ್ಪ್‌ಬೆರಿ ಪೈ ಆದರೆ ಪ್ಯಾಟ್.

ನಿಮ್ಮ ರೋಗಕ್ಕೆ ಮೊದಲ ಅನುಮಾನ ಹ್ಯಾಂಡಿಯ ಬ್ಯಾಟರಿ ಸೇವರ್. ಅದು ಆನ್ ಇದ್ದರೆ ರಿಸೀವರ್ ನಡುನಡುವೆ ನಿದ್ದೆ ಹೋಗುತ್ತದೆ, ಎಚ್ಚರಾಗುವಷ್ಟರಲ್ಲಿ ಪ್ಯಾಕೆಟ್ಟಿನ ತಲೆಭಾಗ ಹೋಗಿರುತ್ತದೆ. ಮಾತಿಗೆ ಅಷ್ಟು ಕತ್ತರಿಸಿದರೆ ಗೊತ್ತೇ ಆಗುವುದಿಲ್ಲ, ಪ್ಯಾಕೆಟ್ ಸತ್ತೇ ಹೋಗುತ್ತದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿ. ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ಗೊರ್ ಅನ್ನುವ ಸದ್ದಿನಲ್ಲಿ ಪ್ಯಾಕೆಟ್ ಹುಡುಕುವುದು ಸಾಫ್ಟ್‌ವೇರಿಗೆ ಬಿಟ್ಟ ವಿಚಾರ.

ಎರಡನೆಯದು ವಾಲ್ಯೂಮ್. ಡೈರ್‌ವುಲ್ಫ್ ಪ್ರತಿ ಪ್ಯಾಕೆಟ್ ಜೊತೆ ಆಡಿಯೊ ಲೆವೆಲ್ ಅಂತ ಒಂದು ಸಂಖ್ಯೆ ತೋರಿಸುತ್ತದೆ, 50ರ ಆಸುಪಾಸು ಇರಲಿ. ಕಳಿಸುವಾಗಲೂ ಇದೇ ಕಥೆ. ಜೋರಾಗಿ ಕಳಿಸಿದರೆ ದೂರ ಹೋಗುತ್ತದೆ ಅಂದುಕೊಂಡು ಎಲ್ಲರೂ ಆಡಿಯೊ ಏರಿಸುತ್ತಾರೆ. ಏರಿಸಿದಷ್ಟೂ ಸ್ವರ ಒಡೆಯುತ್ತದೆ. ಇನ್ನೊಂದು ರೇಡಿಯೊದಲ್ಲಿ ನಿಮ್ಮ ಸಿಗ್ನಲ್ ಕೇಳುತ್ತಾ ಆಡಿಯೊ ಇಳಿಸುತ್ತಾ ಬನ್ನಿ. ಸದ್ದು ಕಡಿಮೆಯಾಗಲು ಶುರುವಾದ ಕಡೆಯಿಂದ ಇನ್ನೂ ಸ್ವಲ್ಪ ಕೆಳಗೆ ನಿಲ್ಲಿಸಿ.

ಸದ್ದು ಕೇಳಿದೊಡನೆ ರೇಡಿಯೊ ತಾನಾಗೇ ಟ್ರಾನ್ಸ್‌ಮಿಟ್‌ಗೆ ಹೋಗುವ ವಾಕ್ಸ್ ಸೌಲಭ್ಯ ನಂಬಿಕೊಂಡು ಕಳಿಸಬೇಡಿ. ಪ್ಯಾಕೆಟ್ ಮುಗಿದ ಮೇಲೂ ಅದು ರೇಡಿಯೊವನ್ನು ಹಿಡಿದಿಟ್ಟಿರುತ್ತದೆ. ಆ ಕಡೆಯಿಂದ 'ಬಂತು' ಅನ್ನುವ ಉತ್ತರ ಬರುವುದು ಆ ಕ್ಷಣಕ್ಕೇ, ನಿಮ್ಮ ರೇಡಿಯೊಗೆ ಅದು ಕೇಳಿಸುವುದೇ ಇಲ್ಲ. ಟ್ರಾನ್ಸ್‌ಮಿಟ್ ಗುಂಡಿ ಒತ್ತುವ ಕೆಲಸ ಮಾಡುವ ಪಿಟಿಟಿ ಸರ್ಕ್ಯೂಟ್ ಇರುವ ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಹಾಕಿ. ಟಿಎಕ್ಸ್ ಡಿಲೇ (ಟ್ರಾನ್ಸ್‌ಮಿಟ್ ಆನ್ ಆದ ಮೇಲೆ ಪ್ಯಾಕೆಟ್ ಶುರುವಾಗುವ ಮೊದಲಿನ ಬಿಡುವು) 300 ಮಿಲಿಸೆಕೆಂಡಿನಿಂದ ಶುರು ಮಾಡಿ, ಹ್ಯಾಂಡಿ ನಿಧಾನದ್ದಾದರೆ ಏರಿಸಿ.

ಹ್ಯಾಂಡಿ ಜೊತೆ ಬಂದ ರಬ್ಬರ್ ಆಂಟೆನಾ ತೆಗೆದಿಡಿ. ಬದಲಿಗೆ ನೀವೇ ಒಂದು ಮಾಡಿಕೊಳ್ಳಿ: ಒಂದು ಎಸ್‌ಒ-239 ಆಂಟೆನಾ ಸಾಕೆಟ್, ಐದು ತಂತಿ ತುಂಡು, ಒಂದೊಂದು ಸುಮಾರು 49 ಸೆಂಟಿಮೀಟರ್. ಒಂದನ್ನು ನಡುವಿನ ಪಿನ್ನಿಗೆ ನೆಟ್ಟಗೆ, ನಾಲ್ಕನ್ನು ಮೂಲೆಯ ತೂತುಗಳಿಗೆ ಕೆಳಮುಖ ಓರೆಯಾಗಿ ಬೆಸುಗೆ ಹಾಕಿ. ತಾರಸಿ ಮೇಲೆ ಪೈಪಿಗೆ ಕಟ್ಟಿ. ಯಾವ ದುಬಾರಿ ಮೋಡೆಮ್ಮೂ ಕೊಡದಷ್ಟು ಲಾಭ ಇದರಿಂದ ಸಿಗುತ್ತದೆ.

ಪ್ರಶ್ನೆ: ಕನ್ನಡದಲ್ಲೇ ಮೇಲ್ ಕಳಿಸಬಹುದಾ? ಫೋಟೊ?
ಓದುಗರು, ಶಿರಸಿ

ಎಎಕ್ಸ್.25ಗೆ ಭಾಷೆಯ ಹಂಗಿಲ್ಲ, ಅದು ಬೈಟ್ ಸಾಗಿಸುತ್ತದೆ. ತೊಂದರೆ ಇರುವುದು ಬೈಟ್ ಎಣಿಕೆಯಲ್ಲಿ. ಯುನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. 'ನಮಸ್ಕಾರ' ಪದದಲ್ಲಿ ಒತ್ತು, ದೀರ್ಘ ಎಲ್ಲ ಸೇರಿ ಏಳು ಸಂಕೇತ, ಅಂದರೆ 21 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂಬತ್ತು. ಆದರೆ ವಿನ್‌ಲಿಂಕ್ ಕಳಿಸುವ ಮೊದಲು ಮೇಲನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಕನ್ನಡದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹಾಗಾಗಿ ಚೆನ್ನಾಗಿಯೇ ಕುಗ್ಗುತ್ತದೆ. ಭಯಪಟ್ಟಷ್ಟು ಭಾರ ಇಲ್ಲ. ಆ ಕಡೆ ತೆರೆದಾಗ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರದಂತೆ ಮಾತ್ರ ನೋಡಿಕೊಳ್ಳಬೇಕು. ಗೆಳೆಯರ ಜೊತೆ ಮೊದಲೇ ಪರೀಕ್ಷೆ ಮಾಡಿ. ಎಡವಟ್ಟಾದರೆ ಕನ್ನಡವನ್ನು ಟೆಕ್ಸ್ಟ್ ಫೈಲ್ ಮಾಡಿ ಅಟ್ಯಾಚ್ ಮಾಡಿ.

ಫೋಟೊ ಲೆಕ್ಕ ನೀವೇ ಹಾಕಿ. ಪ್ಯಾಕೆಟ್ಟಿನ ವೇಗ 1200 ಬಾಡ್, ಅಂದರೆ ಸೆಕೆಂಡಿಗೆ 150 ಬೈಟ್, ಅದೂ ಕಾಗದದ ಮೇಲೆ. 100 ಕೆಬಿ ಚಿತ್ರಕ್ಕೆ 11 ನಿಮಿಷ ದಾಟುತ್ತದೆ. ಕಾಯುವುದು, ಮರುಕಳಿಸುವುದು ಸೇರಿದರೆ ಅದರ ದುಪ್ಪಟ್ಟು. ಅಷ್ಟು ಹೊತ್ತೂ ಚಾನೆಲ್ ನಿಮ್ಮದೇ ವಶ, ಬೇರೆಯವರು ಬೈದುಕೊಂಡು ಕೂತಿರುತ್ತಾರೆ. ಫೋನಿನಿಂದ ತೆಗೆದ 3 ಎಂಬಿ ಚಿತ್ರಕ್ಕೆ ಆರು ಗಂಟೆ ಹತ್ತಿರ, ಆದರೆ ವಿನ್‌ಲಿಂಕ್ 120 ಕೆಬಿಗಿಂತ ದೊಡ್ಡದನ್ನು ತೆಗೆದುಕೊಳ್ಳುವುದೇ ಇಲ್ಲ. ಕುಸಿದ ಸೇತುವೆಯ ಒಂದು ಪುಟ್ಟ ಮಸುಕು ಚಿತ್ರ, 15 ಕೆಬಿಯದ್ದು, ಸರಿ. ಗುಡ್ ಮಾರ್ನಿಂಗ್ ಹೂವು ಬೇಡ.

ಪ್ರಶ್ನೆ: ನನ್ನ ಅಂಗಡಿಯ ಆರ್ಡರ್, ಬ್ಯಾಂಕಿನ ಮೇಲ್ ಇದರಲ್ಲಿ ನಡೆಸಬಹುದಾ? ಗುಟ್ಟಾಗಿ ಇರುತ್ತಾ?
ಓದುಗರು, ದಾವಣಗೆರೆ

ಎರಡಕ್ಕೂ ಇಲ್ಲ. ಹ್ಯಾಮ್ ರೇಡಿಯೊದಲ್ಲಿ ವ್ಯಾಪಾರ ಕೂಡದು. ಅರ್ಥ ಮುಚ್ಚಿಡಲು ಗೂಢಲಿಪಿ ಬಳಸುವುದೂ ಅಂತರರಾಷ್ಟ್ರೀಯ ನಿಯಮಕ್ಕೆ ವಿರುದ್ಧ. ಬೇರೆಯವರ ಪರವಾಗಿ ದೇಶದಾಚೆಗೆ ಸಂದೇಶ ಸಾಗಿಸಲು ಬಿಡುವುದು ಮುಖ್ಯವಾಗಿ ತುರ್ತಿನಲ್ಲಿ, ವಿಪತ್ತು ಪರಿಹಾರದಲ್ಲಿ. ಮೇಲ್ ಹಿಂಡುವ ವಿಧಾನ ಎಲ್ಲರಿಗೂ ಗೊತ್ತಿರುವಂಥದ್ದು, ಅದು ಬೀಗವಲ್ಲ. ಕೇಳುವವರು ಇದ್ದೇ ಇರುತ್ತಾರೆ ಅಂತ ತಿಳಿದೇ ಬರೆಯಿರಿ. ಇನ್ನು ನೀವೇ ಗೇಟ್‌ವೇ ಇಟ್ಟು ರೇಡಿಯೊವನ್ನು ಇಂಟರ್ನೆಟ್ಟಿಗೆ ಜೋಡಿಸುವ ಯೋಚನೆ ಇದ್ದರೆ ಲೈಸೆನ್ಸಿನ ಷರತ್ತುಗಳನ್ನು ಮೊದಲು ಓದಿಕೊಳ್ಳಿ.

ಪ್ರಶ್ನೆ: ಬಾಹ್ಯಾಕಾಶ ನಿಲ್ದಾಣದ ಮೂಲಕ ಈಮೇಲ್ ಕಳಿಸಬಹುದು ಅನ್ನುವುದು ನಿಜವಾ? ನನ್ನದು ವಿಯು3 ಕಾಲ್‌ಸೈನ್.
ಓದುಗರು, ಬೆಂಗಳೂರು

ನಿಜ, ಆದರೆ ಒಂದೇ ಸಾಲು. ನಿಲ್ದಾಣದಲ್ಲಿರುವ ಹ್ಯಾಮ್ ರೇಡಿಯೊ 145.825 ಮೆಗಾಹರ್ಟ್ಸ್‌ನಲ್ಲಿ ಡಿಜಿಪೀಟರ್ ಆಗಿ ಕೆಲಸ ಮಾಡುತ್ತದೆ, ಅದೇ 1200 ಬಾಡ್. ಇಲ್ಲಿ ಬಳಸುವುದು ಎಪಿಆರ್‌ಎಸ್ ಎಂಬ ಪುಟ್ಟ ಸಂದೇಶಗಳ ಪದ್ಧತಿ. ಒಂದು ಸಂದೇಶಕ್ಕೆ 67 ಅಕ್ಷರ ಮಿತಿ, ಅದರೊಳಗೇ ಪಡೆಯುವವರ ಈಮೇಲ್ ವಿಳಾಸವೂ ಸೇರಬೇಕು. ನಿಲ್ದಾಣ ಮತ್ತೆ ಬಿಟ್ಟ ಪ್ಯಾಕೆಟ್ಟನ್ನು ಕೆಳಗೆ ಇಂಟರ್ನೆಟ್ ಇರುವ ಯಾವುದಾದರೂ ಸ್ಟೇಷನ್ ಕೇಳಿಸಿಕೊಂಡರೆ ಮಾತ್ರ ಅದು ಈಮೇಲ್ ಆಗುತ್ತದೆ. ಕೇಳಿಸಿಕೊಳ್ಳದಿದ್ದರೆ ಗಾಳಿಗೆ ಹೋಯಿತು, ಮೋಡೆಮ್ ತಾನಾಗೇ ಮತ್ತೆ ಕಳಿಸುವುದು ಈ ಬಗೆಯ ಪ್ಯಾಕೆಟ್ಟಿಗೆ ಇಲ್ಲ.

ನಿಲ್ದಾಣ ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಒಂದು ಸಲ ತಲೆಯ ಮೇಲೆ ಹಾದುಹೋಗಲು ಹೆಚ್ಚೆಂದರೆ ಹತ್ತು ನಿಮಿಷ. ಸಾಫ್ಟ್‌ವೇರಿನಲ್ಲಿ ಪಥದ (path) ಜಾಗದಲ್ಲಿ ಅರಿಸ್ (ARISS) ಅಂತ ಹಾಕಿ. ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ ಸರಿಯುವ ಡಾಪ್ಲರ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಈ ಬ್ಯಾಂಡಿನಲ್ಲಿ ಅದು ಮೂರು ಕಿಲೋಹರ್ಟ್ಸ್ ಚಿಲ್ಲರೆ, ಎಫ್‌ಎಂ ತಡೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಮೂರು ಕಡ್ಡಿಯ ಯಾಗಿ ಆಂಟೆನಾ ಇದ್ದರೆ ಚೆನ್ನ. ರೇಡಿಯೊ ಕೆಲವೊಮ್ಮೆ ಬೇರೆ ಕೆಲಸಕ್ಕೆ ಹೋಗಿರುತ್ತದೆ, ಕೆಲವೊಮ್ಮೆ ಬಂದ್ ಇರುತ್ತದೆ. ಅದಕ್ಕೇ ಮೊದಲ ಒಂದೆರಡು ಪಾಸ್ ಸುಮ್ನೆ ಕೇಳಿ. ಬೇರೆಯವರ ಪ್ಯಾಕೆಟ್ ಇಳಿದು ಬರುತ್ತಿದ್ದರೆ ಮಾತ್ರ ನಿಮ್ಮದನ್ನು ಬಿಡಿ. ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಬೇಡ, ಅದೇ ಹೊತ್ತಿಗೆ ಉಪಖಂಡದ ಉದ್ದಗಲಕ್ಕೂ ಜನ ಅದನ್ನೇ ಕರೆಯುತ್ತಿರುತ್ತಾರೆ.