ಎಲ್ಲರ ಬಾಯಿಗೂ ಒಗ್ಗಬೇಕು ಅಂತ ಹೊರಟ ಅಪ್ಪೆಮಿಡಿ

ಸಾಗರದ ಕಡೆಯ ಹಳ್ಳಿಯವರು ಈಕೆ. ವಯಸ್ಸು 50 ದಾಟಿದೆ. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟಿದ್ದೇನೆ. ಮನೆಯಲ್ಲೇ ಅಪ್ಪೆಮಿಡಿ, ಅಂದರೆ ಪರಿಮಳದ ಕಾಡುಮಾವಿನ ಎಳೆಕಾಯಿ, ಅದರ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ನಾನು ಆಪ್ತಸಮಾಲೋಚಕಿ; ನನ್ನ ಹತ್ತಿರ ಬಂದಿದ್ದು ನಿದ್ದೆ ಬರುತ್ತಿಲ್ಲ ಅಂತ. ಫೋನ್ ಸದ್ದಾದರೆ ಸಾಕು, ಎದೆ ಡವಡವ ಅನ್ನುತ್ತಿತ್ತು. ಈ ವಯಸ್ಸಿನಲ್ಲಿ ಥೈರಾಯ್ಡ್, ರಕ್ತ ಕಡಿಮೆ, ಮುಟ್ಟು ನಿಲ್ಲುವ ಹೊತ್ತಿನ ಏರುಪೇರು, ಯಾವುದರಿಂದಲೂ ಹೀಗಾಗಬಹುದು. ಹಾಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆ. ಅಂಥದ್ದೇನೂ ಕಾಣಲಿಲ್ಲ.

"ಮೇಡಂ, ಈಗ ನಾನು ಮಾಡಿದ್ದು ನನಗೇ ಸೇರಲ್ಲ" ಅಂದರು. ಅಲ್ಲಿಂದಲೇ ಮಾತು ಶುರು ಮಾಡಿದೆವು.

ಮೊದಲು ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿದ್ದೇ ತಡ, ಮುಖ ಅರಳಿತು. ಹೊಳೆದಂಡೆಯ ಕಾಡುಮರಗಳ ಮಿಡಿ. ತೊಟ್ಟಿನ ಸಮೇತ ಕೊಯ್ಯಬೇಕು, ಇಲ್ಲದಿದ್ದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಕಲ್ಲುಪ್ಪಿನಲ್ಲಿ ಹಾಕಿಟ್ಟು, ಮಿಡಿ ಚಿರುಟಿದ ಮೇಲೆ ಅದೇ ಉಪ್ಪುನೀರಿನಲ್ಲಿ ಸಾಸಿವೆ, ಒಣಮೆಣಸು, ಅರಿಸಿನ ಅರೆದು ಹಾಕುವುದು. ಎಣ್ಣೆ ಇಲ್ಲ. ಒಂದು ಮರದ ಮಿಡಿಗೆ ಜೀರಿಗೆ ವಾಸನೆ, ಇನ್ನೊಂದಕ್ಕೆ ಬೇರೆ ಘಮ. ಅದಕ್ಕೇ ಒಂದೊಂದು ಮರದ್ದನ್ನು ಒಂದೊಂದು ಭರಣಿಯಲ್ಲಿ ಇಡುತ್ತಿದ್ದರು. ಬಾಟಲಿಗೆ ಕೈಬರಹದ ಚೀಟಿ: "ಹೊಳೆಬದಿ ಮರದ್ದು. ಈ ಸಲ ಹುಳಿ ಜಾಸ್ತಿ. ಮಳೆಗಾಲ ಕಳೆಯಲಿ, ಆಮೇಲೆ ತೆಗೆಯಿರಿ." ಬೆಂಗಳೂರಿನವರು ಮರದ ಹೆಸರು ಹೇಳಿ ತರಿಸಿಕೊಳ್ಳುತ್ತಿದ್ದರಂತೆ.

ಬೆಂಗಳೂರಿನಲ್ಲಿರುವ ಮಗ ಮಾರಾಟ ನೋಡಿಕೊಳ್ಳಲು ಮುಂದೆ ಬಂದ. ಅವನ ಉದ್ದೇಶ ಒಳ್ಳೆಯದೇ. ಒಬ್ಬ ಸಲಹೆಗಾರನನ್ನೂ ಹಿಡಿದ. ಎಲ್ಲ ಬಾಟಲಿಯೂ ಒಂದೇ ರುಚಿ ಇರಬೇಕು ಅಂದರು. ರಿಪ್ಪನ್‌ಪೇಟೆ ಮಾರುಕಟ್ಟೆಯಿಂದ ಮಿಡಿ ತಂದು ಎಲ್ಲದರ ಜೊತೆ ಬೆರೆಸಿದರು. ಚೀಟಿ ಹೋಗಿ ಹೊಳೆಯುವ ಇಂಗ್ಲಿಷ್ ಲೇಬಲ್ ಬಂತು. "ಎಣ್ಣೆ ಯಾಕಿಲ್ಲ" ಅಂತ ಯಾರೋ ಕೇಳಿದರು, ಎಣ್ಣೆ ಸೇರಿತು. "ಉಪ್ಪು ಜಾಸ್ತಿ" ಅಂದರು, ಉಪ್ಪು ಇಳಿಯಿತು. ಈ ಉಪ್ಪಿನಕಾಯಿ ಕೆಡದೆ ನಿಲ್ಲುವುದೇ ಉಪ್ಪು ಮತ್ತು ಹುಳಿಯ ಬಲದಿಂದ. ಉಪ್ಪು ಇಳಿದ ಮೇಲೆ ಕೆಲವು ಬಾಟಲಿಗೆ ಬೂಷ್ಟು ಬಂದು ವಾಪಸಾದವು. ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಸುಮ್ಮನಾದರು.

ಆಗ ಸಲಹೆಗಾರ, ಬ್ರ್ಯಾಂಡ್‌ಗೆ ಒಂದು ವ್ಯಕ್ತಿತ್ವ ಬೇಕು ಅಂದನಂತೆ. ಇದ್ದದ್ದನ್ನು ಅಳಿಸಿದ ಮೇಲೆ ಹೊಸದನ್ನು ಕಟ್ಟಲು ಹೊರಟರು. ಈಕೆಯನ್ನು 'ಮಲೆನಾಡ ಅಜ್ಜಿ' ಮಾಡಿ, ಹಳೆಯ ಕಾಲದ ಸೀರೆ ಉಡಿಸಿ ರೀಲ್ಸ್ ತೆಗೆದರು. "ನಾನು ಮನೇಲಿ ಚೂಡಿದಾರ ಹಾಕೋಳು ಮೇಡಂ. ಇನ್ನೂ ಮೊಮ್ಮಕ್ಕಳೂ ಇಲ್ಲ. ಕ್ಯಾಮೆರಾ ಮುಂದೆ 'ಬನ್ನಿ ಮಕ್ಕಳೇ' ಅನ್ನೋಕೆ ನಾಚಿಕೆ ಆಗತ್ತೆ." ನಿದ್ದೆ ಪೂರ್ತಿ ಕೆಟ್ಟಿದ್ದು ಅಲ್ಲಿಂದಲೇ.

ನನಗೆ ಕಂಡದ್ದು ಇಷ್ಟು. ಉಪ್ಪಿನಕಾಯಿ ಬಗ್ಗೆ ಬಂದ ಪ್ರತಿ ಮಾತನ್ನೂ ಇವರು ತಮ್ಮ ಮೇಲೆ ಬಂದ ತೀರ್ಪು ಅಂತ ತೆಗೆದುಕೊಳ್ಳುತ್ತಿದ್ದರು. ಯಾರನ್ನೂ ಬೇಸರ ಮಾಡಬಾರದು ಅಂತ ಒಂದೊಂದೇ ಬಿಟ್ಟುಕೊಟ್ಟರು. ತಾವು ಏನನ್ನು ಮಾಡುವುದಿಲ್ಲ ಅಂತ ಹೇಳುವ ಜಾಗವೇ ಅವರಿಗೆ ಉಳಿದಿರಲಿಲ್ಲ.

ಫೋನಿಗೆ ಬಂದ ದೂರುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬನ್ನಿ ಅಂದೆ. ಕೂತು ಬೇರೆ ಮಾಡಿದೆವು. ಮುಚ್ಚಳ ಸೋರಿತ್ತು, ತಯಾರಾದ ದಿನಾಂಕ ಕಾಣುವುದಿಲ್ಲ: ಇವು ನಿಜವಾದ ತಪ್ಪುಗಳು, ಸರಿಪಡಿಸಲೇಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ ಸಂಖ್ಯೆ, ದಿನಾಂಕ, ತೂಕ, ಏನೇನು ಹಾಕಿದೆ ಎಂಬ ವಿವರ ಕಾನೂನಿಗೇ ಬೇಕು. ಕೈಬರಹದ ಚೀಟಿ ಅದರ ಬದಲಿಗೆ ಆಗುವುದಿಲ್ಲ, ಅದರ ಜೊತೆಗೆ ಇರಲಿ ಅಂದೆ. ಮಿಡಿ ಸುಕ್ಕಾಗಿದೆ ಅನ್ನುವುದು ಗೊತ್ತಿಲ್ಲದವರ ಪ್ರಶ್ನೆ, ಎರಡು ಮಾತಲ್ಲಿ ತಿಳಿಸಿದರೆ ಸಾಕು. ಎಣ್ಣೆ ಹಾಕಿ ಅನ್ನುವುದು ಬೇರೆಯವರ ರುಚಿ. ಅವರಿಗೆ ಬೇಕಾದ್ದು ಬೇರೆ ಕಡೆ ಸಿಗುತ್ತದೆ, ಅದರಲ್ಲಿ ಯಾರಿಗೂ ಅವಮಾನ ಇಲ್ಲ ಅಲ್ವಾ?

"ನಮ್ಮಲ್ಲಿ ಎಣ್ಣೆ ಹಾಕಲ್ಲ" ಅಂತ ನನ್ನ ಎದುರೇ ಹೇಳಿ ಅಭ್ಯಾಸ ಮಾಡಿಸಿದೆ. ಮೊದಮೊದಲು ದನಿಯೇ ಏಳಲಿಲ್ಲ. ಪ್ರತಿ ಸಲ ಹಿಂದೆಯೇ ಒಂದು "ಸಾರಿ" ಸೇರಿಸುತ್ತಿದ್ದರು. ಅದನ್ನು ಬಿಡಿಸಲು ಸುಮಾರು ಹೊತ್ತು ಹಿಡಿಯಿತು.

ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ (ಜಿಐ, ಅಂದರೆ ಇಂಥ ಪ್ರದೇಶದ ವಿಶೇಷ ಎಂಬ) ಗುರುತು ಇದೆ, ಅದೊಂದೇ ಸಾಲದೇ ಅಂತ ಕೇಳಿದರು. ಆ ಗುರುತು ಸಾಗರ, ಶಿರಸಿ, ಸಿದ್ದಾಪುರದ ಕಡೆಯ ಎಲ್ಲರದ್ದು. ಯಾವ ಮರದ್ದು, ಈ ವರ್ಷ ಹೇಗಿದೆ, ಯಾವಾಗ ತೆಗೆಯಬೇಕು ಅಂತ ಹೇಳಬಲ್ಲವರು ಇವರು ಮಾತ್ರ. ಗಿರಾಕಿ ಹುಡುಕಿಕೊಂಡು ಬಂದಿದ್ದೂ ಅದಕ್ಕೇ.

ಇನ್ನೊಂದನ್ನು ಒತ್ತಿ ಹೇಳಿದೆ. ಕೆಲಸದಲ್ಲಿ ನಿಮ್ಮತನ ಇರಲಿ ಅಂದರೆ ನಿಮ್ಮನ್ನೇ ಮಾರಾಟಕ್ಕೆ ಇಡಿ ಅಂತಲ್ಲ. ನಿಮ್ಮ ಸೀರೆ, ನಿಮ್ಮ ರಾತ್ರಿ, ನಿಮ್ಮ ಸ್ವಂತ ನಂಬರ್ ಗಿರಾಕಿಗಳದ್ದಲ್ಲ. ವ್ಯಾಪಾರಕ್ಕೆ ಬೇರೆ ಸಿಮ್ ತೆಗೆದುಕೊಂಡರು. ಸಂಜೆ ಆದ ಮೇಲೆ ಅದು ಬಂದ್.

ಮಗನನ್ನೂ ಒಮ್ಮೆ ಕರೆಸಿದೆ. "ಅಮ್ಮ ಬೇಡ ಅಂತ ಯಾವತ್ತೂ ಹೇಳಲೇ ಇಲ್ಲ" ಅಂದ. ಅವನ ಮಾತೂ ನಿಜ. ತಾಯಿ ಅವನ ಎದುರು ಮೊದಲ ಬಾರಿ ಹೇಳಿದರು: ಅಜ್ಜಿ ವೇಷ ಬೇಡ, ಎಣ್ಣೆ ಬೇಡ, ಉಪ್ಪು ನಾನು ಹೇಳಿದಷ್ಟೇ. ಅವನು ಕೇಳಿಸಿಕೊಂಡ. ಅವನ ಆತಂಕವೂ ಸುಳ್ಳಲ್ಲ. ಕಾಡುಮರ ಎಲ್ಲ ವರ್ಷವೂ ಒಂದೇ ಹಾಗೆ ಫಲ ಕೊಡುವುದಿಲ್ಲ, ಆ ವರ್ಷ ಏನು ಮಾರುವುದು? ಕೊನೆಗೆ ಎರಡು ಬಗೆ ಅಂತ ಒಪ್ಪಿಕೊಂಡರು. ಮರದ ಹೆಸರಿನ ಬಾಟಲಿ, ಆ ವರ್ಷ ಸಿಕ್ಕಷ್ಟು. ಮಾರುಕಟ್ಟೆ ಮಿಡಿಯದ್ದು ಬೇರೆ, ಹಾಗಂತ ಲೇಬಲ್ಲಿನಲ್ಲೇ ಬರೆದು. ಮಾಡುವ ವಿಧಾನ ಎರಡಕ್ಕೂ ತಾಯಿಯದ್ದೇ.

ಈಗ ನಿದ್ದೆ ಬಹುಪಾಲು ಸರಿಹೋಗಿದೆ. ಎಣ್ಣೆ ಬೇಕೇಬೇಕು ಅಂದ ಒಂದು ಅಂಗಡಿಯ ಆರ್ಡರ್ ಕೈತಪ್ಪಿದೆ, ಅದಕ್ಕೆ ಮಗನಿಗೆ ಬೇಸರ ಇದೆ. ಮರದ ಹೆಸರಿನ ಬಾಟಲಿಗೆ ಎಷ್ಟು ಬೆಲೆ ಇಡಬೇಕು ಅಂತ ಇಬ್ಬರೂ ಇನ್ನೂ ಜಗಳ ಆಡುತ್ತಿದ್ದಾರೆ. ಜಾಸ್ತಿ ಕೇಳಲು ತಾಯಿಗೆ ಸಂಕೋಚ. ಮುಂದಿನ ಭೇಟಿಯಲ್ಲಿ ಅದನ್ನೇ ಮಾತಾಡುವುದು ಅಂತ ಆಗಿದೆ.